ಫಾರ್ಮ್ಯಾಟ್ ಬದಲಾದಾಗ ಸದ್ದಿನ ಮಟ್ಟದ ಟ್ಯಾಗ್‌ಗಳು ಏನಾಗುತ್ತವೆ?

ಪ್ರಶ್ನೆ: ಮನೆಯಲ್ಲಿದ್ದ ಸಿ.ಡಿ.ಗಳನ್ನೂ ತಂದೆಯವರು ಜೋಪಾನ ಮಾಡಿದ್ದ ಕೆಲವು ಹರಿಕಥೆಯ ಕ್ಯಾಸೆಟ್‌ಗಳನ್ನೂ ಫ್ಲ್ಯಾಕ್ (ಧ್ವನಿಯ ಗುಣ ಕಳೆಯದೆ ಕುಗ್ಗಿಸುವ ಫಾರ್ಮ್ಯಾಟ್) ಫೈಲುಗಳಾಗಿ ಮಾಡಿಟ್ಟುಕೊಂಡಿದ್ದೇನೆ. ಎಲ್ಲಕ್ಕೂ ರೀಪ್ಲೇಗೇನ್ ಟ್ಯಾಗ್ ಹಾಕಿಸಿರುವುದರಿಂದ ಲ್ಯಾಪ್‌ಟಾಪಿನಲ್ಲಿ ವೀಣೆಯೂ ಸಿನಿಮಾ ಹಾಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತವೆ. ಇವನ್ನೇ ಕಾರಿಗೆಂದು ಎಂಪಿ3, ಫೋನಿಗೆಂದು ಓಪಸ್, ಮಗಳ ಐಫೋನಿಗೆಂದು ಎಂ4ಎ ಆಗಿ ಪರಿವರ್ತಿಸಿದೆ. ಈಗ ಕಾರಿನಲ್ಲಿ ಸಿನಿಮಾ ಹಾಡು ಅರಚುತ್ತದೆ, ವೀಣೆ ಕೇಳಿಸುವುದೇ ಇಲ್ಲ. ಫೋನಿನಲ್ಲಿ ಎಲ್ಲವೂ ಪಿಸುಗುಟ್ಟುತ್ತದೆ. ಎಂ4ಎ ಫೈಲುಗಳಲ್ಲಿ ಟ್ಯಾಗೇ ಕಾಣುವುದಿಲ್ಲ. ಪರಿವರ್ತನೆಯಲ್ಲಿ ಸಂಗೀತ ಕೆಟ್ಟಿತೇ? ಹಳೆಯ ಟ್ಯಾಗ್‌ಗಳನ್ನು ಜೊತೆಯಲ್ಲೇ ಒಯ್ಯಬೇಕೇ, ಹೊಸದಾಗಿ ಅಳೆಯಿಸಬೇಕೇ?

ಉತ್ತರ: ಸಂಗೀತ ಕೆಟ್ಟಿಲ್ಲ. ಮೂರು ಕಡೆ ಮೂರು ಬಗೆಯ ತೊಂದರೆ ಕಾಣುತ್ತಿದ್ದರೂ ಎಲ್ಲದರ ಬೇರು ಒಂದೇ. ರೀಪ್ಲೇಗೇನ್ ಟ್ಯಾಗ್ ಧ್ವನಿಯ ಭಾಗವಲ್ಲ. ಅದು ಧ್ವನಿಯ ಪಕ್ಕದಲ್ಲಿ ಬರೆದಿಟ್ಟ ಚೀಟಿ. "ಈ ಹಾಡನ್ನು ನುಡಿಸುವಾಗ 8.5 ಡೆಸಿಬೆಲ್ ಇಳಿಸು" ಎಂದು ಆ ಚೀಟಿ ಪ್ಲೇಯರಿಗೆ ಹೇಳುತ್ತದೆಯೇ ಹೊರತು ಹಾಡಿನ ಒಂದು ಬಿಟ್ಟನ್ನೂ ಮುಟ್ಟುವುದಿಲ್ಲ. ಫಾರ್ಮ್ಯಾಟ್ ಬದಲಿಸುವಾಗ ಆ ಚೀಟಿ ಹಾಗೆಯೇ ದಾಟಬಹುದು, ದಾರಿಯಲ್ಲಿ ಬಿದ್ದುಹೋಗಬಹುದು, ಬೇರೊಂದು ಲೆಕ್ಕಕ್ಕೆ ಅನುವಾದಗೊಳ್ಳಬಹುದು, ಅಥವಾ ಪರಿವರ್ತಕವೇ ಅದನ್ನು ಓದಿ ಧ್ವನಿಯನ್ನೇ ತಗ್ಗಿಸಿಬಿಡಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಧ್ವನಿಯನ್ನೂ ತಗ್ಗಿಸಿ ಚೀಟಿಯನ್ನೂ ಉಳಿಸಿಕೊಂಡು ಹೋಗುವುದು. ಹಾಗಾದಾಗ ಪ್ಲೇಯರು ತಗ್ಗಿಸಿದ್ದನ್ನೇ ಮತ್ತೆ ತಗ್ಗಿಸುತ್ತದೆ.

ಮೊದಲು ಅಳತೆಯ ವಿಷಯ. ರೀಪ್ಲೇಗೇನ್ ಅನ್ನು 2001ರಲ್ಲಿ ಪ್ರಸ್ತಾಪಿಸಿದವರು ಡೇವಿಡ್ ರಾಬಿನ್ಸನ್. ಹಾಡನ್ನು 50 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಕಿವಿಯ ಗ್ರಹಿಕೆಗೆ ಹೊಂದುವ ಫಿಲ್ಟರಿನ ಮೂಲಕ ಹಾಯಿಸಿ, ಮೆಲ್ಲಗಿನದರಿಂದ ಜೋರಿನದರವರೆಗೆ ಸಾಲಾಗಿ ಜೋಡಿಸಿ, ನೂರರಲ್ಲಿ 95ನೆಯ ಸ್ಥಾನದಲ್ಲಿ ನಿಲ್ಲುವ ತುಣುಕಿನ ಮಟ್ಟವನ್ನೇ ಇಡೀ ಹಾಡಿನ ಮಟ್ಟವೆಂದು ಹಿಡಿಯುವುದು ಅವರ ವಿಧಾನ. ಗುರಿಯ ಮಟ್ಟ ಮೊದಲು 83 ಡೆಸಿಬೆಲ್ ಇತ್ತು. ಅದು ತೀರಾ ಮೆಲ್ಲಗಾಯಿತೆಂದು ಬಳಕೆಯಲ್ಲಿ 89 ನೆಲೆಯೂರಿತು. ಆಮೇಲೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿ.ಎಸ್. 1770 ಎಂಬ ಅಳತೆಯ ಮಾನದಂಡ 2006ರಲ್ಲೂ, ಅದನ್ನು ಆಧರಿಸಿ ಪ್ರಸಾರಕ್ಕೆ −23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಡಿಜಿಟಲ್ ಧ್ವನಿಯ ಚಾವಣಿಯಿಂದ ಕೆಳಕ್ಕೆ ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಮಾನ) ಎಂಬ ಗುರಿಯನ್ನು ನಿಗದಿಪಡಿಸಿದ ಯುರೋಪಿನ ಪ್ರಸಾರ ಒಕ್ಕೂಟದ ಆರ್128 ಶಿಫಾರಸು 2010ರಲ್ಲೂ ಬಂದವು. ಇಂದಿನ ಸಾಧನಗಳು ಬಳಸುವ ರೀಪ್ಲೇಗೇನ್ 2.0 ಅಳತೆಗೆ ಈ ಹೊಸ ಮಾನದಂಡವನ್ನೇ ಹಿಡಿದಿದ್ದರೂ, ಹಳೆಯ ಟ್ಯಾಗ್‌ಗಳ ಜೊತೆ ಹೊಂದಿಕೆಯಾಗಲೆಂದು ಗುರಿಯನ್ನು −18 ಎಲ್‌ಯುಎಫ್‌ಎಸ್‌ಗೆ ಇಟ್ಟುಕೊಂಡಿದೆ. −18 ಮತ್ತು −23ರ ನಡುವಿನ ಈ 5 ಡೆಸಿಬೆಲ್ ಅಂತರವನ್ನು ನೆನಪಿನಲ್ಲಿಡಿ. ನಿಮ್ಮ ಫೋನಿನ ಪಿಸುಮಾತಿನಲ್ಲಿ ಇದರ ಪಾಲೂ ಇದೆ.

ಎರಡು ಹಾಡುಗಳನ್ನು ಕೈಗೆತ್ತಿಕೊಳ್ಳೋಣ. ಜೋರಾಗಿ ಮಾಸ್ಟರ್ ಮಾಡಿದ ಒಂದು ಸಿನಿಮಾ ಹಾಡು −9.5 ಎಲ್‌ಯುಎಫ್‌ಎಸ್ ಇದೆಯೆನ್ನಿ. ಅದರ ರೀಪ್ಲೇಗೇನ್, ಅಂದರೆ −18ರ ಗುರಿಗೆ ತರಲು ಮಾಡಬೇಕಾದ ಬದಲಾವಣೆ, −8.5 ಡೆಸಿಬೆಲ್. ಒಂದು ವೀಣಾವಾದನ −24 ಎಲ್‌ಯುಎಫ್‌ಎಸ್ ಇದೆಯೆನ್ನಿ. ಅದರ ರೀಪ್ಲೇಗೇನ್ +6 ಡೆಸಿಬೆಲ್. ಎರಡರ ನಡುವೆ 14.5 ಡೆಸಿಬೆಲ್ ವ್ಯತ್ಯಾಸವಿದೆ. ಚೀಟಿಯನ್ನು ಓದುವ ಪ್ಲೇಯರಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಓದದ ಪ್ಲೇಯರಿನಲ್ಲಿ ಇಡಿಯಾಗಿ ಎದುರಾಗುತ್ತದೆ.

ನಿಮ್ಮ ಕಾರಿನಲ್ಲಿ ಆಗಿರುವುದು ಇದೇ. ಫ್ಲ್ಯಾಕ್‌ನಿಂದ ಎಂಪಿ3ಗೆ ಬರುವಾಗ ಬಹುತೇಕ ಪರಿವರ್ತಕಗಳು ಟ್ಯಾಗ್‌ಗಳನ್ನು ಐಡಿ3 ಎಂಬ ಎಂಪಿ3 ಟ್ಯಾಗ್ ಪದ್ಧತಿಯ ಬಳಕೆದಾರ ಪಠ್ಯದ ಖಾನೆಗೆ ನಕಲು ಮಾಡುತ್ತವೆ, ಹಾಗಾಗಿ ಚೀಟಿ ಅಲ್ಲಿ ಇದ್ದೇ ಇರುತ್ತದೆ. ಆದರೆ ಕಾರಿನ ಸ್ಟೀರಿಯೋಗಳಲ್ಲಿ ಹೆಚ್ಚಿನವು ಹಾಡಿನ ಹೆಸರು, ಕಲಾವಿದರ ಹೆಸರು, ಆಲ್ಬಮ್ ಇಷ್ಟನ್ನು ಓದಿ ಸುಮ್ಮನಾಗುತ್ತವೆ. ಓದದವರಿಗೆ ಎಷ್ಟು ಚೀಟಿ ಬರೆದುಕೊಟ್ಟರೂ ಪ್ರಯೋಜನವಿಲ್ಲ. ಅಲ್ಲಿ ಧ್ವನಿಯನ್ನೇ ಹೊಂದಿಸಿಕೊಡಬೇಕು.

ಎಂಪಿ3ಯಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಎಂಪಿ3 ಫೈಲು ಸಾವಿರಾರು ಸಣ್ಣ ಫ್ರೇಮುಗಳ ಸರಮಾಲೆ. ಒಟ್ಟು ಮಟ್ಟವನ್ನು ಸೂಚಿಸುವ ಒಂದು ಸಂಖ್ಯೆ ಪ್ರತಿ ಫ್ರೇಮಿನೊಳಗೂ ಇರುತ್ತದೆ. ಎಂಪಿ3ಗೇನ್ ಎಂಬ ತಂತ್ರಾಂಶ ಧ್ವನಿಯನ್ನು ಮತ್ತೆ ಎನ್‌ಕೋಡ್ ಮಾಡದೆ ಆ ಸಂಖ್ಯೆಗಳನ್ನಷ್ಟೇ ಏರಿಸುತ್ತದೆ ಅಥವಾ ಇಳಿಸುತ್ತದೆ. ಆ ಸಂಖ್ಯೆಯಲ್ಲಿ ಒಂದು ಮೆಟ್ಟಿಲೆಂದರೆ ಸುಮಾರು 1.5 ಡೆಸಿಬೆಲ್, ಅದಕ್ಕಿಂತ ಸೂಕ್ಷ್ಮವಾದ ಹೊಂದಾಣಿಕೆ ಸಾಧ್ಯವಿಲ್ಲ, ಕಾರಿನ ಸದ್ದಿನಲ್ಲಿ ಅದರ ಅಗತ್ಯವೂ ಇಲ್ಲ. ಬೇಡವೆನಿಸಿದರೆ ಅಷ್ಟೇ ಮೆಟ್ಟಿಲು ಹಿಂದಕ್ಕೆ ಹೋಗಿ ಮೊದಲಿನ ಸ್ಥಿತಿಗೆ ಮರಳಬಹುದು. ಎಲ್ಲ ಪ್ಲೇಯರುಗಳೂ ಫ್ರೇಮನ್ನು ಬಿಡಿಸಲೇಬೇಕಾದ್ದರಿಂದ ನಿಮ್ಮ ಸ್ಟೀರಿಯೋ ಕೂಡ ಇದಕ್ಕೆ ತಲೆಬಾಗುತ್ತದೆ.

ಆದರೆ ಗುರಿಯನ್ನು ಯೋಚಿಸಿ ಆರಿಸಬೇಕು. ವೀಣೆಯ ಪೀಕ್ ಟ್ಯಾಗ್‌ನಲ್ಲಿ 0.71 ಎಂದಿದೆಯೆನ್ನಿ. ಪೀಕ್ ಎಂದರೆ ಹಾಡಿನಲ್ಲಿ ಅಲೆ ಮುಟ್ಟಿದ ಅತಿ ಎತ್ತರ. 1 ಎಂಬುದು ಚಾವಣಿ. 6 ಡೆಸಿಬೆಲ್ ಏರಿಸುವುದೆಂದರೆ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿದಂತೆ, ಅಂದರೆ 0.71 ಎಂಬುದು 1.42 ಆಗುತ್ತದೆ. ಚಾವಣಿ ದಾಟಿದ ಅಲೆಯ ತಲೆ ಕತ್ತರಿಸಿಹೋಗಿ, ಮೀಟಿದ ಪ್ರತಿ ಬಲವಾದ ಸ್ವರದಲ್ಲೂ ಕರಕರ ಸದ್ದು ಸೇರಿಕೊಳ್ಳುತ್ತದೆ. ಈ ವೀಣೆಯನ್ನು ಹೆಚ್ಚೆಂದರೆ 2.9 ಡೆಸಿಬೆಲ್ ಏರಿಸಬಹುದು. ಆದ್ದರಿಂದ ಎಲ್ಲದರ ಗುರಿಯನ್ನೂ 3.5 ಡೆಸಿಬೆಲ್ ಕೆಳಗಿಳಿಸುವುದು, ಅಂದರೆ ಎಂಪಿ3ಗೇನ್‌ನಲ್ಲಿ 89ರ ಬದಲು 85.5 ಎಂದು ಕೊಡುವುದು ನನ್ನ ಸಲಹೆ. ಆಗ ವೀಣೆ ಏರಬೇಕಾದದ್ದು 2.5, ಸಿನಿಮಾ ಹಾಡು ಇಳಿಯಬೇಕಾದದ್ದು 12 ಡೆಸಿಬೆಲ್, ಎಂದರೆ ಎಂಟು ಮೆಟ್ಟಿಲು. ಒಟ್ಟಾರೆ ಮೆಲ್ಲಗಾದದ್ದನ್ನು ಕಾರಿನ ವಾಲ್ಯೂಮ್ ಗುಂಡಿಯಿಂದ ತುಂಬಿಕೊಳ್ಳಿ. ಆ ಗುಂಡಿ ಇರುವುದೇ ಅದಕ್ಕೆ.

ಇಲ್ಲೇ ಒಂದು ಗುಂಡಿಯೂ ತೋಡಿಟ್ಟಿದೆ, ಬೀಳಬೇಡಿ. ಎಂಪಿ3ಗೇನ್ ತಾನು ಮಾಡಿದ ಬದಲಾವಣೆಯ ಲೆಕ್ಕವನ್ನೂ, ಹಿಂದಿರುಗಿಸಲು ಬೇಕಾದ ಮಾಹಿತಿಯನ್ನೂ ಫೈಲಿನಲ್ಲಿ ಏಪ್ ಎಂಬ ಬೇರೊಂದು ಬಗೆಯ ಟ್ಯಾಗ್‌ನಲ್ಲಿ ಬರೆದಿಡುವುದು ರೂಢಿ. ಫ್ಲ್ಯಾಕ್‌ನಿಂದ ನಕಲಾಗಿ ಬಂದ ಐಡಿ3 ಟ್ಯಾಗ್ ಮಾತ್ರ ಇದ್ದಲ್ಲೇ ಇದ್ದು, ಇನ್ನೂ "8.5 ಡೆಸಿಬೆಲ್ ಇಳಿಸು" ಎಂದೇ ಹೇಳುತ್ತಿರುತ್ತದೆ. ಒಂದೇ ಫೈಲಿನಲ್ಲಿ ಎರಡು ಚೀಟಿಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇದೇ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿದರೆ, ಐಡಿ3 ನಂಬುವ ಪ್ಲೇಯರು ಈಗಾಗಲೇ 12 ಡೆಸಿಬೆಲ್ ಇಳಿದಿರುವ ಹಾಡನ್ನು ಇನ್ನೂ 8.5 ಇಳಿಸಿ, ಒಟ್ಟು 20.5 ಡೆಸಿಬೆಲ್ ಕೆಳಗೆ ನುಡಿಸುತ್ತದೆ. ಆದ್ದರಿಂದ ಕಾರಿನ ಪ್ರತಿಗಳಲ್ಲಿ ಐಡಿ3ಯ ರೀಪ್ಲೇಗೇನ್ ಖಾನೆಗಳನ್ನು ಮೊದಲು ಅಳಿಸಿ, ಆಮೇಲೆ ಎಂಪಿ3ಗೇನ್ ಓಡಿಸಿ. ಹೀಗೆ ಹೊಂದಿಸಿದ ಎಂಪಿ3ಯನ್ನು ಮುಂದೆ ಇನ್ನೊಂದು ಫಾರ್ಮ್ಯಾಟಿಗೆ ಪರಿವರ್ತಿಸುವ ಸಂದರ್ಭ ಬಂದರೆ, "ಹಿಂದಿರುಗಿಸು" ಟ್ಯಾಗ್ ಜೊತೆಗೆ ಹೋಗದಂತೆ ನೋಡಿಕೊಳ್ಳಿ. ಇಳಿಕೆ ಧ್ವನಿಯಲ್ಲೇ ಬೆರೆತುಹೋದ ಮೇಲೆ ಆ ಟ್ಯಾಗ್‌ಗೆ ಅರ್ಥವಿಲ್ಲ. ಹೊಸ ಎಂಪಿ3ಯೊಂದರಲ್ಲಿ ಯಾರಾದರೂ ಅದನ್ನು ನಂಬಿ ಹಿಂದಿರುಗಿಸಿದರೆ ಹಾಡು ಎಂಟು ಮೆಟ್ಟಿಲು ಮೇಲಕ್ಕೆ ಜಿಗಿಯುತ್ತದೆ.

(ಹಿಂದೊಮ್ಮೆ ನಾನೇ ಪರಿವರ್ತಕದಲ್ಲಿ ಗೇನ್ ಅನ್ವಯಿಸುವ ಆಯ್ಕೆಯನ್ನು ಒತ್ತಿ, ಟ್ಯಾಗ್‌ಗಳನ್ನೂ ಉಳಿಸಿಕೊಂಡು, ಒಂದು ವಾರ ಹೆಡ್‌ಫೋನನ್ನು ಬೈದುಕೊಂಡು ಓಡಾಡಿದ್ದೇನೆ. ಆ ಹೆಡ್‌ಫೋನು ಇಂದಿಗೂ ಚೆನ್ನಾಗಿದೆ.)

ಇನ್ನು ಫೋನಿನ ಓಪಸ್. ನಿಮ್ಮ ಮೂರು ಸಮಸ್ಯೆಗಳಲ್ಲಿ ಅತ್ಯಂತ ಸ್ವಾರಸ್ಯಕರವಾದದ್ದು ಇದೇ, ಏಕೆಂದರೆ ಇಲ್ಲಿ ತಂತ್ರಾಂಶ ತಪ್ಪು ಮಾಡಿಲ್ಲ. ಅದು ನಿಯಮವನ್ನು ಪಾಲಿಸಿದ್ದರಿಂದಲೇ ನಿಮಗೆ ಪಿಸುಮಾತು ಕೇಳುತ್ತಿರುವ ಸಾಧ್ಯತೆ ಹೆಚ್ಚು.

ಓಪಸ್ ಧ್ವನಿಯನ್ನು ಓಗ್ ಎಂಬ ಪೆಟ್ಟಿಗೆಯಂಥ ಫೈಲಿನೊಳಗೆ ಇಡುವ ಕ್ರಮವನ್ನು 2016ರ ಆರ್‌ಎಫ್‌ಸಿ 7845 ಎಂಬ ದಾಖಲೆ ವಿವರಿಸುತ್ತದೆ. ಅದರ ಪ್ರಕಾರ ಮಟ್ಟದ ಮಾಹಿತಿ ಎರಡು ಕಡೆ ಇರಬಹುದು. ಒಂದು, ಫೈಲಿನ ಹೆಡರಿನಲ್ಲೇ, ಅಂದರೆ ಆರಂಭದ ಮಾಹಿತಿ ಭಾಗದಲ್ಲೇ, ಇರುವ ಔಟ್‌ಪುಟ್ ಗೇನ್. ಇದು ಸಲಹೆಯಲ್ಲ, ಆಜ್ಞೆ. ನಾರ್ಮಲೈಸೇಶನ್ (ಹಾಡುಗಳ ಮಟ್ಟವನ್ನು ಸಮ ಮಾಡುವ ಆಯ್ಕೆ) ಬಂದ್ ಇದ್ದರೂ ಪ್ಲೇಯರು ಇದನ್ನು ಅನ್ವಯಿಸಬೇಕು. ಇನ್ನೊಂದು, ಆರ್128 ಟ್ರ್ಯಾಕ್ ಗೇನ್ (ಒಂದೊಂದು ಹಾಡಿಗೆ ಬೇರೆ ಬೇರೆ) ಮತ್ತು ಆರ್128 ಆಲ್ಬಮ್ ಗೇನ್ (ಇಡೀ ಆಲ್ಬಮ್‌ಗೆ ಒಂದೇ) ಎಂಬ ಟ್ಯಾಗ್‌ಗಳು. ಇವು ಸಲಹೆಗಳು, ಹೆಡರಿನ ಗೇನ್ ಅನ್ವಯಿಸಿದ ಮೇಲೆ ಇನ್ನೆಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬುದನ್ನು ಹೇಳುತ್ತವೆ. ಎರಡರಲ್ಲೂ ಸಂಖ್ಯೆಯನ್ನು ಡೆಸಿಬೆಲ್‌ನಲ್ಲಿ ಬರೆಯದೆ, ಡೆಸಿಬೆಲ್‌ನ 256ನೆಯ ಒಂದು ಭಾಗಗಳಲ್ಲಿ ಪೂರ್ಣಾಂಕವಾಗಿ ಬರೆಯುತ್ತಾರೆ, ಮತ್ತು ಟ್ಯಾಗ್‌ಗಳ ಗುರಿ −18 ಅಲ್ಲ, −23 ಎಲ್‌ಯುಎಫ್‌ಎಸ್. ಗೊಂದಲವಾಗದಿರಲೆಂದು ಹಳೆಯ ರೀಪ್ಲೇಗೇನ್ ಟ್ಯಾಗ್‌ಗಳನ್ನು ಓಪಸ್ ಫೈಲಿನಲ್ಲಿ ಇಡಬಾರದೆಂದೂ ಅದೇ ದಾಖಲೆ ಹೇಳುತ್ತದೆ.

ನಮ್ಮ ಸಿನಿಮಾ ಹಾಡನ್ನು ಈ ಲೆಕ್ಕಕ್ಕೆ ತರೋಣ. ರೀಪ್ಲೇಗೇನ್ −8.5, ಅದರಿಂದ 5 ಕಳೆದರೆ −13.5, ಅದನ್ನು 256ರಿಂದ ಗುಣಿಸಿದರೆ −3456. ವೀಣೆಯ +6ರಿಂದ 5 ಕಳೆದರೆ +1, ಅಂದರೆ 256. ಹೆಸರಷ್ಟನ್ನೇ ಬದಲಿಸಿ "−8.50" ಎಂಬ ಪಠ್ಯವನ್ನು ಆರ್128 ಖಾನೆಗೆ ತುಂಬಿದ ಫೈಲುಗಳನ್ನು ನಾನು ನೋಡಿದ್ದೇನೆ. ಪ್ಲೇಯರು ಅದನ್ನು 256ರಲ್ಲಿ ಎಂಟು ಭಾಗವೆಂದು ಓದಿದರೆ ಆಗುವ ಇಳಿಕೆ ಕಿವಿಗೆ ಗೊತ್ತೇ ಆಗದಷ್ಟು ಅಲ್ಪ. ತಿರುಗಾಮುರುಗಾ ಆಗಿ −3456 ಅನ್ನು ಡೆಸಿಬೆಲ್ ಎಂದು ಓದಿದರೆ ಮೌನವೇ ಗತಿ.

ಈಗ ನಿಮ್ಮ ಫೋನಿಗೆ ಬರೋಣ. ಓಪಸ್‌ನವರದೇ ಆದ ಓಪಸ್‌ಎನ್ಕ್ ಎಂಬ ಪರಿವರ್ತಕಕ್ಕೆ ರೀಪ್ಲೇಗೇನ್ ಇರುವ ಫ್ಲ್ಯಾಕ್ ಫೈಲನ್ನು ಕೊಟ್ಟರೆ, ಅದು ಆಲ್ಬಮ್ ಗೇನ್ ಅನ್ನು −23ರ ಲೆಕ್ಕಕ್ಕೆ ತಿರುಗಿಸಿ ಹೆಡರಿನಲ್ಲಿ ಬರೆದು, ಆಲ್ಬಮ್‌ಗೂ ಟ್ರ್ಯಾಕ್‌ಗೂ ಇರುವ ವ್ಯತ್ಯಾಸವನ್ನಷ್ಟೇ ಆರ್128 ಟ್ರ್ಯಾಕ್ ಗೇನ್ ಆಗಿ ಇಟ್ಟು, ಹಳೆಯ ಟ್ಯಾಗ್‌ಗಳನ್ನು ಕೈಬಿಡುತ್ತದೆ. ಆಲ್ಬಮ್ ಗೇನ್ −8 ಇದ್ದರೆ ಹೆಡರಿನಲ್ಲಿ −13 ಡೆಸಿಬೆಲ್ ಕೂರುತ್ತದೆ. ಫೋನಿನ ಪ್ಲೇಯರಿನಲ್ಲಿ ನೀವು ಏನೇ ಆಯ್ಕೆ ಮಾಡಿದರೂ ಆ ಆಲ್ಬಮ್ 13 ಡೆಸಿಬೆಲ್ ಕೆಳಗೇ ನುಡಿಯುತ್ತದೆ. ಪ್ರಸಾರಕ್ಕೆ ಹೊಂದುವ −23 ಎಲ್‌ಯುಎಫ್‌ಎಸ್ ಎಂಬ ಗುರಿ ಬಿಎಂಟಿಸಿ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿಗೆ ಸಾಲದು. ಗಮನಿಸಿ ನೋಡಿ: ನಿಮ್ಮ ಓಪಸ್ ಫೈಲುಗಳು ಪಿಸುಗುಟ್ಟುತ್ತಿದ್ದರೂ ಆಲ್ಬಮ್‌ನಿಂದ ಆಲ್ಬಮ್‌ಗೆ ಮಟ್ಟ ಹೆಚ್ಚುಕಡಿಮೆ ಸಮವಾಗಿಯೇ ಇರಬೇಕು. ಹಾಗಿದ್ದರೆ ಇದೇ ಕಾರಣವೆಂದು ತಿಳಿಯಿರಿ.

ಇದಕ್ಕೆ ಪರಿಹಾರ ಎರಡು. ನಿಮ್ಮ ಪ್ಲೇಯರಿನಲ್ಲಿ ಪ್ರಿಆಂಪ್ ಎಂಬ ಹೊಂದಿಕೆ ಇದ್ದರೆ 5 ಡೆಸಿಬೆಲ್ ಏರಿಸಿನೋಡುವುದು ಸುಲಭದ ದಾರಿ. ಕೆಲವು ಪ್ಲೇಯರುಗಳು ಆರ್128 ಟ್ಯಾಗ್ ಕಂಡೊಡನೆ ಈ 5 ಅನ್ನು ತಾವೇ ಸೇರಿಸಿಕೊಳ್ಳುತ್ತವೆ. ನನಗೆ ಹೆಚ್ಚು ಇಷ್ಟವಾದ ದಾರಿ ಬೇರೆ: ಎನ್‌ಕೋಡ್ ಮಾಡುವಾಗ ಓಪಸ್‌ಎನ್ಕ್‌ಗೆ ರೀಪ್ಲೇಗೇನ್ ಟ್ಯಾಗ್ ಕಾಣಿಸದಂತೆ ನೋಡಿಕೊಂಡು ಹೆಡರಿನ ಗೇನ್ ಸೊನ್ನೆಯಾಗಿಯೇ ಉಳಿಯುವಂತೆ ಮಾಡಿ, ಆಮೇಲೆ ಆರ್‌ಎಸ್‌ಗೇನ್‌ನಂಥ ಅಳತೆಯ ಸಾಧನದಿಂದ ಹುಟ್ಟಿದ ಓಪಸ್ ಫೈಲುಗಳನ್ನೇ ಅಳೆಯಿಸಿ ಆರ್128 ಟ್ಯಾಗ್ ಬರೆಸುವುದು. ಆಗ ಆಜ್ಞೆಯ ಜಾಗದಲ್ಲಿ ಏನೂ ಇರುವುದಿಲ್ಲ, ಸಲಹೆಯಷ್ಟೇ ಇರುತ್ತದೆ. ನಾರ್ಮಲೈಸೇಶನ್ ಬೇಡವೆಂದವರಿಗೆ ಮೂಲ ಮಟ್ಟ ಸಿಗುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಪರಿವರ್ತಕವನ್ನು ಬಳಸಿದರೆ ಕಥೆ ಇನ್ನೊಂದು ಬಗೆಯದು. ಅದು ಹೆಡರನ್ನು ಮುಟ್ಟದೆ ಹಳೆಯ ರೀಪ್ಲೇಗೇನ್ ಪಠ್ಯವನ್ನೇ ಓಪಸ್‌ನೊಳಕ್ಕೆ ನಕಲು ಮಾಡುತ್ತದೆ. ಕೆಲವು ಪ್ಲೇಯರುಗಳು ಅದನ್ನು ಓದುತ್ತವೆ, ಕೆಲವು ಕಡೆಗಣಿಸುತ್ತವೆ.

ಹಿಮ್ಮುಖ ಪ್ರಯಾಣದಲ್ಲೂ ಎಚ್ಚರ ಬೇಕು. ಹೆಡರಿನಲ್ಲಿ −13 ಇರುವ ಓಪಸ್ ಫೈಲನ್ನು ಬೇರೆ ಫಾರ್ಮ್ಯಾಟಿಗೆ ಒಯ್ದರೆ ಡಿಕೋಡರು ಆ ಇಳಿಕೆಯನ್ನು ಧ್ವನಿಯಲ್ಲೇ ಮಾಡಿ ಮುಗಿಸಿರುತ್ತದೆ. ಹೊಸ ಫೈಲಿಗೆ ಹಳೆಯ ಯಾವ ಅಂಕಿಯೂ ಹೊಂದುವುದಿಲ್ಲ. ಅಳಿಸಿ ಹೊಸದಾಗಿ ಅಳೆಯುವುದೊಂದೇ ದಾರಿ.

ಎಂ4ಎ ವಿಷಯ ಚಿಕ್ಕದು. ಆ ಪೆಟ್ಟಿಗೆಯಲ್ಲಿ ರೀಪ್ಲೇಗೇನ್ ಇಡಲು ಸ್ವತಂತ್ರ ಹೆಸರಿನ ಖಾನೆಗಳಿವೆ, ಆದರೆ ಎಫ್‌ಎಫ್‌ಎಂಪೆಗ್ ತನಗೆ ಗೊತ್ತಿರುವ ಕೆಲವೇ ಖಾನೆಗಳನ್ನು ತುಂಬಿಸಿ ಉಳಿದ ಟ್ಯಾಗ್‌ಗಳನ್ನು ಕೈಬಿಡುತ್ತದೆ. ಬಟನ್ ಒತ್ತಿದರೆ ಸಾಕೆನ್ನುವ ಅನೇಕ ಪರಿವರ್ತಕಗಳ ಒಳಗೆ ಕುಳಿತು ಕೆಲಸ ಮಾಡುವುದು ಅದೇ. ಟ್ಯಾಗ್ ಉಳಿದಿದ್ದರೂ ನಿಮ್ಮ ಮಗಳಿಗೆ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಆಪಲ್‌ನ ಸಂಗೀತ ತಂತ್ರಾಂಶ ನೋಡುವುದು ರೀಪ್ಲೇಗೇನ್ ಅನ್ನಲ್ಲ, ತನ್ನದೇ ಸೌಂಡ್ ಚೆಕ್ ಅನ್ನು. ಐಟ್ಯೂನ್‌ನಾರ್ಮ್ ಎಂಬ ಟ್ಯಾಗ್‌ನಲ್ಲಿ ಎಂಟೆಂಟು ಅಂಕಿಗಳ ಹತ್ತು ಹೆಕ್ಸಾಡೆಸಿಮಲ್ ಸಂಖ್ಯೆಗಳಾಗಿ ಆ ಮಾಹಿತಿ ಕೂತಿರುತ್ತದೆ. ಕುತೂಹಲಿಗಳು ಬಿಡಿಸಿ ತಿಳಿದುಕೊಂಡ ಪ್ರಕಾರ ಮೊದಲೆರಡು ಸಂಖ್ಯೆಗಳು ಎಡ ಬಲ ಚಾನೆಲುಗಳ ಹೊಂದಾಣಿಕೆ: 1000 ಎಂದರೆ ಬದಲಾವಣೆಯಿಲ್ಲ, −7.2 ಡೆಸಿಬೆಲ್ ಎಂದರೆ 5248, ಹೆಕ್ಸಾಡೆಸಿಮಲ್‌ನಲ್ಲಿ 1480. ಇದನ್ನು ಕೈಯಿಂದ ಬರೆಯುವ ಗೋಜಿಗೆ ನೀವು ಹೋಗಬೇಕಾಗಿಲ್ಲ. ಫೈಲುಗಳನ್ನು ಕಂಪ್ಯೂಟರಿನಲ್ಲಿರುವ ಆಪಲ್ ತಂತ್ರಾಂಶಕ್ಕೆ ಸೇರಿಸಿ, ಅಲ್ಲಿ ಸೌಂಡ್ ಚೆಕ್ ಆನ್ ಮಾಡಿ, ಅದೇ ಅಳೆದುಕೊಳ್ಳುತ್ತದೆ. ಆಮೇಲೆ ಐಫೋನಿಗೆ ಸಿಂಕ್ ಮಾಡಿ, ಅಲ್ಲಿಯೂ ಅದೇ ಆಯ್ಕೆಯನ್ನು ಆನ್ ಮಾಡಿ.

ಹಾಗಾದರೆ ಒಯ್ಯಬೇಕೇ, ಅಳೆಯಬೇಕೇ ಎಂಬ ನಿಮ್ಮ ಮೂಲ ಪ್ರಶ್ನೆ. ಫ್ಲ್ಯಾಕ್‌ನಿಂದ ಓಗ್ ವೋರ್ಬಿಸ್‌ಗೋ ಎಂಪಿ3ಗೋ ಹೋಗುವಾಗ ಗೇನ್ ಸಂಖ್ಯೆಯನ್ನು ಒಯ್ದರೆ ಅಪಾಯವಿಲ್ಲ, ಏಕೆಂದರೆ ಎನ್‌ಕೋಡಿಂಗ್ ಹಾಡಿನ ಒಟ್ಟು ಮಟ್ಟವನ್ನು ಕಿವಿಗೆ ತಿಳಿಯುವಷ್ಟು ಬದಲಿಸುವುದಿಲ್ಲ. ಬದಲಾಗುವುದು ಪೀಕ್. ಫ್ಲ್ಯಾಕ್‌ನಲ್ಲಿ 0.99 ಇದ್ದ ಅಲೆ ಎಂಪಿ3ಯನ್ನು ಬಿಡಿಸಿದಾಗ 1ನ್ನು ದಾಟುವುದು ಮಾಮೂಲು. ಗೇನ್ ಋಣವಾಗಿರುವ ಜೋರು ಹಾಡುಗಳಿಗೆ ಇದರಿಂದ ತೊಂದರೆಯಿಲ್ಲ. ಗೇನ್ ಧನವಾಗಿರುವ ಮೆಲುದನಿಯ ಸಂಗೀತದಲ್ಲಿ ಕ್ಲಿಪ್ಪಿಂಗ್ ಅನ್ನು, ಅಂದರೆ ಅಲೆಯ ತಲೆ ಕತ್ತರಿಸಿಹೋಗುವುದನ್ನು, ತಡೆಯಲು ಪ್ಲೇಯರು ನಂಬುವುದು ಇದೇ ಪೀಕನ್ನು. ಹೀಗಾಗಿ ಎಲ್ಲವನ್ನೂ ಒಂದೊಂದಾಗಿ ವಿವೇಚಿಸುವ ಬದಲು, ಪರಿವರ್ತನೆಯಲ್ಲಿ ಹಳೆಯ ಗೇನ್ ಟ್ಯಾಗ್‌ಗಳನ್ನು ಬಿಟ್ಟು, ಹೊಸ ಫೈಲುಗಳನ್ನು ಫೋಲ್ಡರು ಫೋಲ್ಡರಾಗಿ ಮತ್ತೆ ಅಳೆಯಿಸುವುದನ್ನೇ ನಾನು ರೂಢಿ ಮಾಡಿಕೊಂಡಿದ್ದೇನೆ. ಮೂಲ ಫ್ಲ್ಯಾಕ್ ಸಂಗ್ರಹವನ್ನು ಮಾತ್ರ ಇದ್ದ ಹಾಗೆಯೇ ಇಡಿ. ಅಲ್ಲಿ ಧ್ವನಿಯನ್ನು ಏರಿಸುವ ಇಳಿಸುವ ಕೆಲಸ ಎಂದಿಗೂ ಬೇಡ. ಅಲ್ಲಿಯೂ ಒಂದನ್ನು ಪರೀಕ್ಷಿಸಿ. ಅರ್ಧ ಸಂಗ್ರಹವನ್ನು ಹಳೆಯ ವಿಧಾನದಲ್ಲಿ ಅಳೆಯುವ ಮೆಟಾಫ್ಲ್ಯಾಕ್ ಎಂಬ ಸಾಧನದಿಂದಲೂ ಉಳಿದರ್ಧವನ್ನು ಹೊಸ ಸಾಧನದಿಂದಲೂ ಅಳೆಯಿಸಿದ್ದರೆ ಎರಡರ ಅಂಕಿಗಳು ಪೂರ್ತಿ ತಾಳೆಯಾಗುವುದಿಲ್ಲ. ಒಂದೇ ಸಾಧನದಿಂದ ಎಲ್ಲವನ್ನೂ ಮತ್ತೊಮ್ಮೆ ಅಳೆಯಿಸಿ. ಟ್ಯಾಗ್ ಬದಲಾಗುತ್ತದೆಯೇ ಹೊರತು ಧ್ವನಿ ಬದಲಾಗುವುದಿಲ್ಲ.

ಫೋಲ್ಡರು ಫೋಲ್ಡರಾಗಿ ಎಂದೆನಲ್ಲ, ಅದಕ್ಕೊಂದು ಕಾರಣವಿದೆ. ಈ ಸಾಧನಗಳು ಸಾಮಾನ್ಯವಾಗಿ ಒಂದು ಫೋಲ್ಡರನ್ನು ಒಂದು ಆಲ್ಬಮ್ ಎಂದು ತಿಳಿದು ಆಲ್ಬಮ್ ಗೇನ್ ಲೆಕ್ಕ ಹಾಕುತ್ತವೆ. ಕಚೇರಿಯೊಂದರ ಸಿ.ಡಿ.ಯಲ್ಲಿ ಆಲಾಪನೆ, ಕೃತಿ, ತನಿ ಆವರ್ತನ ಬೇರೆ ಬೇರೆ ಟ್ರ್ಯಾಕುಗಳಾಗಿದ್ದರೆ ಆಲ್ಬಮ್ ಗೇನ್‌ನಲ್ಲೇ ಕೇಳಬೇಕು. ಟ್ರ್ಯಾಕ್ ಗೇನ್ ಹಿಡಿದರೆ ಮೆಲ್ಲಗಿನ ಆಲಾಪನೆಯನ್ನು ಎತ್ತಿ ಮೃದಂಗವನ್ನು ಅದುಮಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೂರಿಸುತ್ತದೆ, ಕಚೇರಿಯ ಏರಿಳಿತವೇ ಕಾಣೆಯಾಗುತ್ತದೆ. ಹತ್ತಾರು ಸಿನಿಮಾಗಳ ಹಾಡುಗಳನ್ನು ಒಟ್ಟಿಗೆ ಸುರಿದ ಫೋಲ್ಡರಿನಲ್ಲಿ ಇದೇ ಆಲ್ಬಮ್ ಗೇನ್‌ಗೆ ಅರ್ಥವಿಲ್ಲ. ಅಲ್ಲಿ ಟ್ರ್ಯಾಕ್ ಗೇನ್ ಸರಿ.

ಕೊನೆಯದಾಗಿ ಹರಿಕಥೆಯ ಕ್ಯಾಸೆಟ್‌ಗಳು. ಎ ಬದಿ, ಬಿ ಬದಿ ಎರಡೂ ಒಂದೇ ಕಥೆಯಾದ್ದರಿಂದ ಅವೆರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಆಲ್ಬಮ್ ಆಗಿ ಅಳೆಯಿಸಿ, ಇಲ್ಲವಾದರೆ ಬದಿ ಮಗುಚಿದೊಡನೆ ದಾಸರ ಕಂಠ ಬೇರೆ ಮಟ್ಟಕ್ಕೆ ಜಿಗಿಯುತ್ತದೆ. ಗೇನ್ ಧನವಾಗಿದ್ದರೆ ಟೇಪಿನ ಸುಯ್ ಎನ್ನುವ ಸದ್ದೂ ಅಷ್ಟೇ ಏರುತ್ತದೆ. ಅದಕ್ಕೆ ಟ್ಯಾಗ್‌ನಲ್ಲಿ ಮದ್ದಿಲ್ಲ. ಜಾಗ ಉಳಿಸಲೆಂದು ಇವನ್ನು ಸ್ಟೀರಿಯೋದಿಂದ ಮೋನೋಗೆ ಇಳಿಸುವ ಯೋಚನೆ ಇದ್ದರೆ, ಮತ್ತೆ ಅಳೆಯಿಸಿ ಎಂಬ ನನ್ನ ಸಲಹೆಗೆ ಇದೊಂದು ಅಪವಾದ. ಬಿ.ಎಸ್. 1770 ಚಾನೆಲುಗಳ ಶಕ್ತಿಯನ್ನು ಕೂಡಿಸಿ ಅಳೆಯುವುದರಿಂದ, ಎರಡು ಚಾನೆಲುಗಳಲ್ಲೂ ಒಂದೇ ಧ್ವನಿಯಿರುವ ಫೈಲಿಗಿಂತ ಅದರದೇ ಮೋನೋ ಪ್ರತಿ 3 ಡೆಸಿಬೆಲ್ ಕಡಿಮೆ ಎಂದು ಅಳತೆಗೆ ಸಿಗುತ್ತದೆ. ನುಡಿಸುವಾಗಲೋ ಪ್ಲೇಯರು ಆ ಒಂದು ಚಾನೆಲನ್ನು ಎರಡೂ ಸ್ಪೀಕರಿಗೆ ಕೊಡುವುದರಿಂದ ಕಿವಿಗೆ ಮೊದಲಿನಷ್ಟೇ ಕೇಳುತ್ತದೆ. ಮಾನದಂಡವನ್ನು ಅಕ್ಷರಶಃ ಪಾಲಿಸುವ ಸಾಧನ ಆ ಮೋನೋ ಫೈಲಿಗೆ 3 ಡೆಸಿಬೆಲ್ ಹೆಚ್ಚು ಗೇನ್ ಬರೆದು, ಹರಿಕಥೆಯನ್ನು ಸುತ್ತಲಿನ ಹಾಡುಗಳಿಗಿಂತ ಜೋರು ಮಾಡುತ್ತದೆ. ಅವುಗಳಿಗೆ ಮಾತ್ರ ಸ್ಟೀರಿಯೋ ಫ್ಲ್ಯಾಕ್‌ನಲ್ಲಿ ಈಗಿರುವ ಗೇನ್ ಅನ್ನೇ ಒಯ್ಯಿರಿ. ಮೋನೋ ಪ್ರತಿ ಓಪಸ್ ಆಗಿದ್ದರೆ 5 ಕಳೆದು 256ರಿಂದ ಗುಣಿಸಿ ಆರ್128 ಖಾನೆಯಲ್ಲಿ ಬರೆಯಿರಿ.